ನೆಲವೇ ಡೊಂಕು

“ನನ್ನ ಬಗ್ಗೆ ಯಾರು ಏನಂದರೂ ನನಗೆ ಅಷ್ಟೇ” ಎಂದು ನಾನು ಹೇಳಿದ್ದೇ ತಡ, ನನ್ನ ಹೆಂಡತಿ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು ನಕ್ಕಳು. ಸೆರಗು ಅಡ್ಡ ಹಿಡಿದು ನಗುವವಳಲ್ಲ ಅವಳು. ಪಕ್ಕದ ಮನೆಗೂ ಕೇಳಿಸಿರಬೇಕು.

“ಕೇಳಿದ್ಯೇನೇ?” ಎಂದು ನನ್ನ ತಂಗಿಯ ಮಗಳ ಕಡೆ ತಿರುಗಿದಳು. “ಇಂಜಿನಿಯರು ಬರೆದುಕೊಟ್ಟ ಹೊಗಳಿಕೆ ಕಾಗದಕ್ಕೆ ಗಾಜು ಹಾಕಿಸಿ ಗೋಡೆಗೆ ಹೊಡೆದಿದ್ದಾರೆ. ಅದರ ಧೂಳು ಒರೆಸೋಕೂ ನನ್ನ ಬಿಡಲ್ಲ, ತಾವೇ ಒರೆಸ್ತಾರೆ. ಇವರಿಗೆ ಅಷ್ಟೇ ಅಂತೆ!”

“ನೀನು ಸುಮ್ನಿರು” ಎಂದೆ. ಅವಳು ಸುಮ್ಮನಿದ್ದದ್ದು ಯಾವಾಗ?

ತಂಗಿಯ ಮಗಳು ದೊಡ್ಡಾಸ್ಪತ್ರೆಯಲ್ಲಿ ಮಿದುಳಿನ ಚಿತ್ರ ತೆಗೆಯುವ ಯಂತ್ರ ನಡೆಸುತ್ತಾಳೆ. ಅಲ್ಲಿಯ ಡಾಕ್ಟರಮ್ಮ ಒಂದು ಸಂಶೋಧನೆ ಮಾಡುತ್ತಿದ್ದಾರೆ. ನಾಲ್ಕು ಜನ ನಮ್ಮನ್ನು ಹೊಗಳಿದಾಗ, ತೆಗಳಿದಾಗ ತಲೆಯೊಳಗೆ ಏನಾಗುತ್ತದೆ ಎಂದು ನೋಡಬೇಕಂತೆ. ಅದಕ್ಕೆ ಕೈಕೆಲಸ ಮಾಡುವ, ಐವತ್ತರ ಆಸುಪಾಸಿನವರು ಬೇಕು. ನಮ್ಮನ್ನು ಬಲ್ಲ ಹತ್ತು ಜನರಿಂದ ಒಂದೊಂದು ಮಾತು ಬರೆಸಿಕೊಂಡು ಬರುತ್ತಾರೆ. ನಾವು ಯಂತ್ರದೊಳಗೆ ಮಲಗಿ ಅದನ್ನು ಓದಬೇಕು. ಅಷ್ಟೇ ಕೆಲಸ.

“ಹೊಗಳಿಕೆ ಬೇಡ ಅನ್ನೋ ಮನುಷ್ಯ ಸಿಗೋದೇ ಅಪರೂಪ ಮಾವ. ನೀವು ಬಂದ್ರೆ ಡಾಕ್ಟರಿಗೆ ಬಹಳ ಉಪಕಾರ ಆಗುತ್ತೆ.”

ನನ್ನನ್ನು ಅಟ್ಟಕ್ಕೇರಿಸುತ್ತಿದ್ದಾಳೆ ಎಂದು ಗೊತ್ತಿತ್ತು. ಗೊತ್ತಿದ್ದೇ ಏರಿದೆ. ಅದಕ್ಕೆ ಇನ್ನೊಂದು ಕಾರಣವೂ ಇತ್ತು. ಆ ಕಟ್ಟಡದ ಮೆಟ್ಟಿಲು ಕಟ್ಟಿದವನು ನಾನು. ಒಂಬತ್ತು ವರ್ಷದ ಹಿಂದೆ ಕಟ್ಟಿ ಬಂದವನು ಮತ್ತೆ ಆ ಕಡೆ ಹೋಗಿರಲಿಲ್ಲ. ಈಗ ಅದರ ಪಕ್ಕದಲ್ಲೇ ಹೊಸ ಕಟ್ಟಡ ಏಳುತ್ತಿತ್ತು. ಅದರ ಮೆಟ್ಟಿಲೂ ನಿನ್ನದೇ ಎಂದು ಇಂಜಿನಿಯರು ಬಾಯಿಮಾತು ಕೊಟ್ಟಾಗಿತ್ತು.

ಮೆಟ್ಟಿಲು ಕಟ್ಟುವುದೆಂದರೆ ಗೋಡೆ ಕಟ್ಟಿದಂತಲ್ಲ. ಗೋಡೆ ತುಸು ವಾಲಿದರೆ ಗಾರೆ ಬಳಿದು ಮುಚ್ಚಬಹುದು. ಮೆಟ್ಟಿಲನ್ನು ಕಣ್ಣು ನೋಡುವುದಿಲ್ಲ, ಕಾಲು ನೋಡುತ್ತದೆ. ಮೊದಲ ಎರಡು ಮೆಟ್ಟಿಲಿಗೆ ಕಾಲು ಎತ್ತರ ಕಲಿತುಬಿಡುತ್ತದೆ. ಆಮೇಲೆ ಎಲ್ಲವೂ ಅಷ್ಟೇ ಇರುತ್ತವೆ ಎಂದು ನಂಬಿ ಹತ್ತುತ್ತದೆ. ಆ ನಂಬಿಕೆ ಕೆಡಿಸಬಾರದು. ನಾನು ಕಟ್ಟಿದ ಮೆಟ್ಟಿಲನ್ನು ಕಣ್ಣು ಮುಚ್ಚಿ ಹತ್ತಬಹುದು ಎಂದು ಜನ ಹೇಳುತ್ತಿದ್ದದ್ದು ಸುಮ್ಮನೆ ಅಲ್ಲ.

ಸೋಮವಾರ ಬೆಳಿಗ್ಗೆ ಒಗೆದ ಅಂಗಿ ಹಾಕಿಕೊಂಡು ಹೋದೆ. ಯಂತ್ರ ಕೆಳಗಿತ್ತು, ಕಾಗದಕ್ಕೆ ಸಹಿ ಹಾಕುವ ಕೋಣೆ ಮಹಡಿಯ ಮೇಲೆ. ಹನ್ನೆರಡು ಮೆಟ್ಟಿಲು ಹತ್ತಿದರೆ ತಿರುವು, ಅಲ್ಲಿಂದ ಎಂಟು ಹತ್ತಿದರೆ ಮೇಲಿನ ಹಜಾರ.

“ನೋಡು, ಇಷ್ಟು ವರ್ಷ ಆದರೂ ಒಂದು ಕಲ್ಲೂ ಅಲುಗಿಲ್ಲ” ಎಂದು ತಂಗಿಯ ಮಗಳಿಗೆ ಹೇಳುತ್ತಾ ಹತ್ತುತ್ತಿದ್ದೆ. ಮಾತು ಮುಗಿಯುವ ಮೊದಲೇ ನನ್ನ ಹೆಬ್ಬೆರಳು ಕೊನೆಯ ಮೆಟ್ಟಿಲಿಗೆ ಬಡಿದು ಮುಗ್ಗರಿಸಿದೆ. ಅವಳು ತೋಳು ಹಿಡಿದುಕೊಂಡಳು.

“ಹಾಳು ಚಪ್ಪಲಿ!” ಎಂದೆ.

“ಎಲ್ಲರೂ ಅಲ್ಲೇ ಎಡವೋದು ಮಾವ. ನಮಗೆ ಅಭ್ಯಾಸ ಆಗಿಹೋಗಿದೆ.”

ತಿರುಗಿ ಆ ಮೆಟ್ಟಿಲನ್ನು ನೋಡಿದೆ. ಎಲ್ಲರೂ ಒಂದೇ ಕಡೆ ಎಡವಿದರೆ ಅದು ಚಪ್ಪಲಿಯ ತಪ್ಪಲ್ಲ. ಇದು ನನ್ನ ಕಸುಬಿನ ಮೊದಲ ಪಾಠ.

ಮೇಲಿನ ಹಜಾರದ ಬೆಂಚಿನ ಮೇಲೆ ಒಬ್ಬ ಹಿರಿಯರು ಬಲಮೊಣಕಾಲು ಉಜ್ಜಿಕೊಳ್ಳುತ್ತಾ ಕೂತಿದ್ದರು. ಪಕ್ಕದಲ್ಲಿ ಕೋಲು. ನಾನು ಮುಗ್ಗರಿಸಿದ್ದನ್ನು ಕಂಡು ಅವರ ಮುಖ ಅರಳಿತು.

“ಬನ್ನಿ, ಬನ್ನಿ, ಸೀಟು ಖಾಲಿ ಇದೆ” ಎಂದು ಪಕ್ಕಕ್ಕೆ ಸರಿದರು. “ನಿಮಗೂ ಲಕ್ವಾನಾ?”

ಮೂವತ್ತು ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರಂತೆ. ಆರು ತಿಂಗಳ ಹಿಂದೆ ಬಲಭಾಗ ಬಿದ್ದುಹೋಗಿ, ಈಗ ಇಲ್ಲಿ ಮತ್ತೆ ನಡೆಯಲು ಕಲಿಯುತ್ತಿದ್ದರು. ಕೈ ಸರಿಹೋಗಿತ್ತು, ಮಾತು ಸರಿಹೋಗಿತ್ತು. ಉಳಿದದ್ದು ಒಂದೇ ಪರೀಕ್ಷೆ. ಕೆಳಗಿನಿಂದ ಮೇಲಿನವರೆಗೆ ಎಡವದೆ ಹತ್ತಿದರೆ ಮನೆಗೆ ಕಳಿಸುತ್ತಾರೆ. ಅವರ ಮನೆ ಎರಡನೇ ಮಹಡಿಯಲ್ಲಿ.

“ಎರಡು ತಿಂಗಳಾಯ್ತು. ಹತ್ತೊಂಬತ್ತು ಮೆಟ್ಟಿಲು ಸಲೀಸಾಗಿ ಹತ್ತುತ್ತೀನಿ. ಇಪ್ಪತ್ತನೆಯದಕ್ಕೆ ಈ ಕಾಲು ಕೈ ಕೊಡುತ್ತೆ. ನಾಳೆ ಕೊನೇ ಸಲ. ಆಗದಿದ್ರೆ ಮನೆ ಖಾಲಿ ಮಾಡಿ ಎಲ್ಲಾದ್ರೂ ನೆಲದ ಮೇಲೆ ಒಂದು ಕೋಣೆ ನೋಡ್ಕೋ ಅಂದಿದ್ದಾರೆ. ನನ್ನ ಹೆಂಡತಿ ಆಗಲೇ ಪಾತ್ರೆ ಕಟ್ಟಿಡ್ತಿದ್ದಾಳೆ.”

“ಮೆಟ್ಟಿಲೇ ಸರಿ ಇಲ್ವೇನೋ” ಎಂದೆ. ಆ ಮಾತು ಹೇಗೆ ಬಾಯಿಂದ ಬಿತ್ತೋ ಗೊತ್ತಿಲ್ಲ.

ಅವರು ಕೈಯಾಡಿಸಿದರು. “ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ. ಹಾಗಾಗುತ್ತೆ. ಕಾಲು ನಂದು, ತಪ್ಪೂ ನಂದು.”

ನಾನು ಎದ್ದು ಸಹಿ ಹಾಕಲು ಹೋದೆ.

ಯಂತ್ರವೆಂದರೆ ದೊಡ್ಡ ಬಿಳಿ ಕೊಳವೆ. ತಲೆ ಅಲುಗದಂತೆ ಕಟ್ಟಿ ಒಳಗೆ ತಳ್ಳಿದರು. ಸುತ್ತ ಕಲ್ಲು ಒಡೆಯುವ ಯಂತ್ರದಂತೆ ಸದ್ದು. ಕಣ್ಣ ಮೇಲೆ ಪುಟ್ಟ ಕನ್ನಡಿ, ಅದರಲ್ಲಿ ಒಂದೊಂದೇ ಸಾಲು ಮೂಡಿ ಮಾಯವಾಗುತ್ತಿತ್ತು.

“ಹೇಳಿದ ದಿನಕ್ಕೆ ಬರುತ್ತಾರೆ.” ಬರುತ್ತೇನೆ, ಮತ್ತೆ? “ಇವರ ರಸಮಟ್ಟ ಸುಳ್ಳು ಹೇಳುವುದಿಲ್ಲ.” ಇದು ನನ್ನ ಜೊತೆ ಕೆಲಸ ಮಾಡುವ ಬಡಗಿಯ ಮಾತೇ ಇರಬೇಕು, ಅವನೊಬ್ಬನೇ ಹೀಗೆ ಮಾತಾಡುವುದು. “ಇವರು ಕಟ್ಟಿದ ಮೆಟ್ಟಿಲನ್ನು ಕಣ್ಣು ಮುಚ್ಚಿ ಹತ್ತಬಹುದು.” ಅದನ್ನು ಓದಿದಾಗ ಎದೆಯಿಂದ ನೆತ್ತಿಯವರೆಗೆ ಬೆಚ್ಚಗಾಯಿತು. ಚಳಿಯಲ್ಲಿ ಬಿಸಿನೀರು ಸುರಿದುಕೊಂಡಂತೆ. ಮೇಲೆ ಮುಗ್ಗರಿಸಿ ಬಂದು ಒಂದು ಗಂಟೆ ಆಗಿರಲಿಲ್ಲ. ಆದರೂ ಬೆಚ್ಚಗಾಯಿತು ನೋಡಿ, ನಾಚಿಕೆಗೆಟ್ಟ ತಲೆ!

ಅದರ ಹಿಂದೆಯೇ ಇನ್ನೊಂದು ಬಂತು. “ಕೆಲಸಕ್ಕಿಂತ ಜಂಬ ಜಾಸ್ತಿ.”

“ಯಾವನವನು?” ಎಂದು ಒಳಗಿನಿಂದಲೇ ಕೂಗಿದೆ.

“ಮಾವ, ತಲೆ ಅಲ್ಲಾಡಿಸಬೇಡಿ” ಎಂದು ತಂಗಿಯ ಮಗಳ ದನಿ ಬಂತು. “ಚಿತ್ರ ಕೆಡುತ್ತೆ.”

“ಯಾರು ಬರೆದಿದ್ದು ಹೇಳು, ಆಮೇಲೆ ಅಲ್ಲಾಡಿಸಲ್ಲ.”

“ಹೇಳೋ ಹಾಗಿಲ್ಲ ಮಾವ!”

ಹೊರಗೆ ಬಂದ ಮೇಲೆ ಡಾಕ್ಟರಮ್ಮ ಪರದೆಯ ಮೇಲೆ ನನ್ನ ತಲೆ ತೋರಿಸಿದರು. ಪೂರ್ತಿ ಲೆಕ್ಕ ಆಮೇಲೆ ಹಾಕುತ್ತಾರಂತೆ, ಇದು ಬರೀ ಮೊದಲ ನೋಟ. ನಡುವೆ ಒಂದು ಚೂರು ಕೆಂಡದಂತೆ ಕಾಣುತ್ತಿತ್ತು.

“ಬಾಯಾರಿದಾಗ ನೀರು ಕುಡಿದರೆ, ಆಟದಲ್ಲಿ ಗೆದ್ದರೆ ಚುರುಕಾಗೋ ಜಾಗ ಇದು ಮೇಸ್ತ್ರಿಗಳೇ. ಮೆಚ್ಚುಗೆ ಸಿಕ್ಕಿದಾಗಲೂ ಇದೇ ಜಾಗ. ಮೆಟ್ಟಿಲಿನ ಮಾತು ಬಂದಾಗ ನಿಮ್ಮಲ್ಲಿ ಬಹಳ ಜೋರಾಗಿ ಕೆಲಸ ಮಾಡಿದೆ.”

“ಅಂದರೆ ನಾನು ಹೊಗಳಿಕೆಗೆ ಬಾಯಿ ಬಿಡೋ ಮನುಷ್ಯ ಅಂತಾನಾ?”

“ಮನುಷ್ಯ ಅಂತ, ಅಷ್ಟೇ” ಎಂದು ಅವರು ನಕ್ಕರು. “ಇದು ಇರೋದರಿಂದಲೇ ನಾವು ಒಬ್ಬರ ಜೊತೆ ಒಬ್ಬರು ಬಾಳ್ತೀವಿ. ನಾಲ್ಕು ಜನ ಒಳ್ಳೇದು ಅನ್ನಲಿ ಅಂತಲೇ ಎಷ್ಟೋ ಒಳ್ಳೇ ಕೆಲಸ ನಡೆಯುತ್ತೆ.”

“ಕೆಟ್ಟ ಕೆಲಸ?”

“ಅದೂ ನಡೆಯುತ್ತೆ.”

ಬಾಗಿಲ ಕಡೆ ಹೋಗಬೇಕಾದವನು ಮೆಟ್ಟಿಲ ಕಡೆ ಹೋದೆ. ಯಾರೂ ಇರಲಿಲ್ಲ. ಒಗೆದ ಅಂಗಿಯ ಜೇಬಿನಲ್ಲಿ ಟೇಪು ಇರಲಿಲ್ಲ, ಕೈ ಇತ್ತು. ಹೆಬ್ಬೆರಳು, ತೋರುಬೆರಳು ಚಾಚಿ ಚೋಟು ಹಾಕಿ ಒಂದೊಂದೇ ಎತ್ತರ ಅಳೆದೆ. ಎಲ್ಲವೂ ಒಂದೇ. ಕೊನೆಯದಕ್ಕೆ ಮಾತ್ರ ಚೋಟಿನ ತುದಿ ಮುಟ್ಟಲಿಲ್ಲ. ಹೆಬ್ಬೆರಳಿನ ಅಗಲದಷ್ಟು ಉಳಿಯಿತು. ಒಂದಿಂಚು.

ಮಂಡಿಯೂರಿದಲ್ಲೇ ನನಗೆ ಎಲ್ಲ ನೆನಪಾಯಿತು.

ಮೆಟ್ಟಿಲು ಕಟ್ಟುವವನು ಒಂದು ವಿಷಯ ಮರೆಯಬಾರದು. ಅವನು ಕಟ್ಟುವುದು ಬೋಳು ಮೆಟ್ಟಿಲು. ಆಮೇಲೆ ಬೇರೆಯವರು ಬಂದು ಮೇಲೆ ಕಲ್ಲು ಹಾಸುತ್ತಾರೆ. ಮೆಟ್ಟಿಲುಗಳಿಗೆ ತೆಳು ಕಲ್ಲು, ಹಜಾರಕ್ಕೆ ದಪ್ಪ ಕಲ್ಲು. ಹಜಾರ ಒಂದಿಂಚು ಹೆಚ್ಚು ಏಳುತ್ತದೆಂದು ಮೊದಲೇ ಲೆಕ್ಕ ಹಾಕಿ ಆ ಇಂಚನ್ನು ಎಲ್ಲ ಮೆಟ್ಟಿಲುಗಳಿಗೂ ಹಂಚಬೇಕು. ಹಂಚದಿದ್ದರೆ ಅದೆಲ್ಲ ಕೊನೆಯ ಮೆಟ್ಟಿಲಿನ ತಲೆಗೆ ಬರುತ್ತದೆ. ಕಸುಬಿಗೆ ಬಂದ ಮೊದಲ ವರ್ಷದವನಿಗೂ ಇದು ಗೊತ್ತು. ಆ ದಿನ ನಾನು ಟೇಪು ಬಿಚ್ಚಿ ಗುರುತು ಹಾಕಲು ಹೊರಟಿದ್ದೆ. ಆಗ ಇಂಜಿನಿಯರು ಯಾರೋ ನಾಲ್ಕು ದೊಡ್ಡ ಮನುಷ್ಯರನ್ನು ಕರೆತಂದು, “ಇವರಿಗೆ ಟೇಪೇ ಬೇಡ ಸಾರ್, ಕಣ್ಣಳತೆ ಸಾಕು, ನೋಡ್ತಿರಿ” ಎಂದರು. ಆ ನಾಲ್ವರೂ ನನ್ನನ್ನೇ ನೋಡಿದರು. ನಾನು ಟೇಪನ್ನು ಜೇಬಿಗೆ ಹಾಕಿದೆ. ಕಣ್ಣಳತೆಯಲ್ಲೇ ಕಟ್ಟಿದೆ. ಅವರು ತಲೆದೂಗಿದರು. ಮಾರನೇ ವಾರ, ಈಗ ನಮ್ಮ ಗೋಡೆಯ ಮೇಲಿರುವ ಆ ಕಾಗದ ಬಂತು.

ಸಂಜೆ ಹೆಂಡತಿಗೆ ಎಲ್ಲ ಹೇಳಿದೆ. ಮೂವತ್ತು ವರ್ಷದಿಂದ ನನ್ನ ಜೊತೆ ಗಾರೆ ಕಲಸಿದವಳು, ಆ ಕೆಲಸದಲ್ಲೂ ಇದ್ದಳು. ಅವಳು ಬೈಯಲಿಲ್ಲ. ಅದೇ ನನ್ನನ್ನು ಹೆದರಿಸಿತು.

“ಟೇಪು ಹಿಡೀರಿ ಅಂತ ನಾನು ಆವತ್ತೇ ಹೇಳಿದ್ದೆ” ಎಂದಳು.

“ಹೇಳಿದ್ಯಾ?”

“ಹೇಳಿದ್ದೆ. ಎಲ್ಲರ ಮುಂದೆ ‘ಗಾರೆ ಕಲಸೋದು ನೋಡ್ಕೋ’ ಅಂತ ಕಿರುಚಿದ್ರಿ. ನಿಮಗೆ ನೆನಪಿಲ್ಲ. ನನಗೆ ಇದೆ.”

ನನಗೆ ನೆನಪಿತ್ತು. ಇಲ್ಲ ಎಂದುಕೊಂಡಿದ್ದೆ, ಅಷ್ಟೇ.

“ಈಗ ಬಾಯಿ ಬಿಟ್ಟರೆ ಹೊಸ ಕಟ್ಟಡದ ಕೆಲಸ ಹೋಯ್ತು. ಹೆಸರೂ ಹೋಯ್ತು. ಸುಮ್ಮನಿದ್ರೆ ಯಾರಿಗೂ ಗೊತ್ತಾಗಲ್ಲ. ಒಂಬತ್ತು ವರ್ಷ ಗೊತ್ತಾಗಿಲ್ಲ.”

“ಆ ಕಂಡಕ್ಟರಿಗೆ?”

“ಅವರು ತಮ್ಮ ಕಾಲಿಗೇ ಬೈಕೊಳ್ತಿದ್ದಾರೆ.”

“ಹಾಗಾದ್ರೆ ನೀವು ಆರಾಮಾಗಿ ಮಲಗಿ” ಎಂದು ಹೇಳಿ ಅವಳು ಒಳಗೆ ಹೋದಳು. ಆ ಮಾತಿಗಿಂತ ಎರಡು ಏಟು ಕೊಟ್ಟಿದ್ದರೆ ಚೆನ್ನಾಗಿತ್ತು.

ಬೆಳಿಗ್ಗೆ ಅಂಗಿಯ ಜೇಬಿಗೆ ಟೇಪು ಹಾಕಿಕೊಂಡೇ ಹೊರಟೆ. ಆದರೂ ಏನು ಮಾಡುತ್ತೇನೆಂದು ದಾರಿಯುದ್ದಕ್ಕೂ ನಿಶ್ಚಯವಿರಲಿಲ್ಲ. ಇಂಜಿನಿಯರನ್ನು ಒಂದು ಕಡೆ ಕರೆದು ಮೆಲ್ಲಗೆ ಹೇಳಿದರೆ? ಯಾರಿಗೂ ಕಾಣದ ಹಾಗೆ ಯಾವತ್ತಾದರೂ ಬಂದು ಸರಿಮಾಡಿದರೆ? ತಲೆ ಹೀಗೆ ನೂರು ಕಳ್ಳದಾರಿ ಹುಡುಕುತ್ತಿತ್ತು. ಒಂದೊಂದು ದಾರಿಯಲ್ಲೂ ನನ್ನ ಹೆಸರು ಉಳಿಯುತ್ತಿತ್ತು. ಕಂಡಕ್ಟರಿಗೆ ಮಾತ್ರ ಇವತ್ತು ಉತ್ತರವಿರಲಿಲ್ಲ.

ನಾನು ಹೋಗುವಷ್ಟರಲ್ಲಿ ಅವರು ಹತ್ತುತ್ತಿದ್ದರು. ವ್ಯಾಯಾಮ ಮಾಡಿಸುವ ಹುಡುಗಿ ಕೈಯಲ್ಲಿ ಪಟ್ಟಿ ಹಿಡಿದು ಹಿಂದೆಯೇ ಇದ್ದಳು. ಕೆಳಗೆ ಅವರ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದರು. ತಿರುವಿನವರೆಗೆ ಹನ್ನೆರಡು ಆಯಿತು. ಆಮೇಲೆ ಒಂದು, ಎರಡು, ಮೂರು. ಕಾಲು ಚೆನ್ನಾಗಿ ಏಳುತ್ತಿತ್ತು. ನನ್ನ ಮೆಟ್ಟಿಲು ಕಲಿಸಿದಷ್ಟೇ ಎತ್ತರಕ್ಕೆ, ಒಂದು ಕೂದಲೆಳೆ ಹೆಚ್ಚು ಕಡಿಮೆ ಇಲ್ಲದೆ. ಏಳನೆಯದೂ ಆಯಿತು. ಎಂಟನೆಯದಕ್ಕೆ ಬೆರಳು ಬಡಿಯಿತು. ಹುಡುಗಿ ಹಿಡಿದುಕೊಂಡಳು. ಅವರು ಮೆಲ್ಲಗೆ ಮೆಟ್ಟಿಲ ಮೇಲೆ ಕೂತರು.

“ಆಯ್ತಮ್ಮ” ಎಂದು ಕೆಳಗೆ ನಿಂತ ಹೆಂಡತಿಗೆ ಕೂಗಿದರು. “ಬಸ್ಸು ಕೆಟ್ಟು ನಿಂತಿತು. ಪ್ಯಾಸೆಂಜರು ಇಳಿದು ನಡೀಬೇಕು.”

ನಗಿಸಲು ಹೇಳಿದ ಮಾತು. ಅವರೇ ನಗಲಿಲ್ಲ. ಬಲಗಾಲಿಗೆ ಮುಷ್ಟಿಯಿಂದ ಒಂದು ಗುದ್ದಿದರು, ಮಾತು ಕೇಳದ ದನಕ್ಕೆ ಗುದ್ದಿದ ಹಾಗೆ.

ಅದನ್ನು ನೋಡಿದ್ದೇ ನನಗೆ ಎಲ್ಲಿಲ್ಲದ ಸಿಟ್ಟು ಬಂತು.

“ಆ ಕಾಲಿಗೆ ಹೊಡೀಬೇಡ್ರಿ!” ಎಂದು ಅರಚಿದೆ. ಕೆಳಗಿನ ಹಜಾರದಲ್ಲಿದ್ದವರೆಲ್ಲ ತಿರುಗಿದರು. ಹೊಸ ಕಟ್ಟಡದ ನಕ್ಷೆ ಹಿಡಿದು ಬರುತ್ತಿದ್ದ ಇಂಜಿನಿಯರೂ ಬಾಗಿಲಲ್ಲೇ ನಿಂತರು. “ಕಾಲು ಸರಿಯಾಗಿದೆ. ನೆಲವೇ ಡೊಂಕು ಯಜಮಾನ್ರೇ, ನೆಲವೇ ಡೊಂಕು!”

ಎರಡೆರಡು ಮೆಟ್ಟಿಲು ಹಾರಿ ಹತ್ತಿ ಟೇಪು ಬಿಚ್ಚಿದೆ. ಏಳನೆಯ ಮೆಟ್ಟಿಲಿಗೆ ಇಟ್ಟು, “ಓದ್ರಿ” ಎಂದೆ. ಕಂಡಕ್ಟರು ಕನ್ನಡಕ ಸರಿಮಾಡಿಕೊಂಡರು.

“ಆರು.”

“ಇದರ ಕೆಳಗಿಂದು?”

“ಆರು.”

“ಈಗ ಇದು, ನೀವು ಎಡವಿದ್ದು.”

ಅವರು ಎರಡು ಸಲ ನೋಡಿದರು. “ಏಳು” ಎಂದರು. ಆಮೇಲೆ ಟಿಕೆಟ್ಟು ಪರೀಕ್ಷೆ ಮಾಡುವವರಂತೆ ಟೇಪನ್ನು ಕಸಿದುಕೊಂಡು ತಾವೇ ಇಟ್ಟು ನೋಡಿದರು. “ಏಳು! ಯಾವ ಮುಟ್ಠಾಳ ಕಟ್ಟಿದ್ದಯ್ಯಾ ಇದನ್ನ?”

“ನಾನೇ.”

ಅಷ್ಟೂ ಜನ ನನ್ನನ್ನೇ ನೋಡಿದರು. ನನ್ನ ಕಿವಿ ಕಾದು ಸುಡುತ್ತಿತ್ತು. ಈಗ ಆ ಕೊಳವೆಯೊಳಗೆ ತಳ್ಳಿದ್ದರೆ ಪರದೆಯ ಮೇಲೆ ಏನು ಕಾಣುತ್ತಿತ್ತೋ. ಓಡಿಹೋಗೋಣ ಎನ್ನಿಸಿತು. ಕಾಲು ಏಳಲಿಲ್ಲ.

“ಟೇಪು ಹಿಡೀದೆ ಕಟ್ಟಿದೆ” ಎಂದೆ. “ನಾಲ್ಕು ಜನ ನೋಡ್ತಿದ್ರು, ಜಂಬ ಬಂತು. ಇಲ್ಲಿ ಎಡವಿದವರೆಲ್ಲ ನನ್ನಿಂದ ಎಡವಿದ್ದು.”

ಕಂಡಕ್ಟರು ನನ್ನನ್ನು ನೋಡಿದರು, ತಮ್ಮ ಕಾಲನ್ನು ನೋಡಿದರು.

“ಎರಡು ತಿಂಗಳಿಂದ ಇದಕ್ಕೆ ಬೈಯದ ಬೈಗುಳ ಬೈದಿದ್ದೀನಲ್ಲಯ್ಯಾ!” ಎಂದವರು ಕಾಲನ್ನು ಸವರತೊಡಗಿದರು. “ತಪ್ಪಾಯ್ತು ಮಾರಾಯ, ತಪ್ಪಾಯ್ತು.” ಅದು ನನಗೆ ಹೇಳಿದ್ದಲ್ಲ, ಕಾಲಿಗೆ. ಆಮೇಲೆ ನನಗೂ ಬೈದರು. ಅದನ್ನು ಇಲ್ಲಿ ಬರೆಯುವುದಿಲ್ಲ. ಬಸ್ ನಿಲ್ದಾಣದಲ್ಲಿ ಮೂವತ್ತು ವರ್ಷ ಪಳಗಿದ ಬಾಯಿ.

ವ್ಯಾಯಾಮದ ಹುಡುಗಿ ಕೈಯಲ್ಲಿದ್ದ ಪಟ್ಟಿ ನೋಡುತ್ತಾ ನಿಂತಿದ್ದಳು. “ದಿನಾ ‘ಕೊನೆಯಲ್ಲಿ ಬಲಗಾಲು ಏಳುತ್ತಿಲ್ಲ’ ಅಂತ ಬರೆದಿದ್ದೀನಿ. ನಾನೂ ದಿನಾ ಇಲ್ಲೇ ಎಡವುತ್ತಿದ್ದೆ” ಎಂದು ಸಣ್ಣ ದನಿಯಲ್ಲಿ ಹೇಳಿದಳು.

“ಇನ್ನೊಂದು ಟ್ರಿಪ್ಪು” ಎಂದರು ಕಂಡಕ್ಟರು. ಕೆಳಗಿಳಿದರು. ಮತ್ತೆ ಹತ್ತಿದರು, ಈ ಸಲ ಜೋರಾಗಿ ಎಣಿಸುತ್ತಾ. ಎಂಟನೆಯದರ ಮುಂದೆ ನಿಂತು, ಅದನ್ನು ಕೆಕ್ಕರಿಸಿ ನೋಡಿ, ಕಾಲನ್ನು ಒಂದಿಂಚು ಹೆಚ್ಚು ಎತ್ತಿ ಮೇಲಿಟ್ಟರು. “ರೈಟ್, ರೈಟ್!” ಎಂದು ಇಡೀ ಆಸ್ಪತ್ರೆಗೆ ಕೇಳುವ ಹಾಗೆ ಕೂಗಿದರು. ಕೆಳಗೆ ಅವರ ಹೆಂಡತಿ ಅಳುತ್ತಲೇ, “ಕಟ್ಟಿಟ್ಟ ಪಾತ್ರೆ ಎಲ್ಲ ಈಗ ಮತ್ತೆ ಯಾರು ಬಿಚ್ಚೋದು?” ಎಂದರು.

ಎಲ್ಲ ಸುಖವಾಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಇಂಜಿನಿಯರು ನನ್ನನ್ನು ಹೊರಗೆ ಕರೆದು, “ಎಲ್ಲರ ಮುಂದೆ ಬಾಯಿ ಬಿಡೋ ಅಗತ್ಯ ಏನಿತ್ತು? ನನ್ನ ಮರ್ಯಾದೆನೂ ಕಳೆದೆ” ಎಂದರು. ಹೊಸ ಕಟ್ಟಡದ ಮೆಟ್ಟಿಲು ಬೇರೊಬ್ಬ ಮೇಸ್ತ್ರಿಗೆ ಹೋಯಿತು. ನಾನು ಎರಡು ದಿನ ಮನೆಯಲ್ಲಿ ಎಲ್ಲರ ಮೇಲೂ ಹರಿಹಾಯ್ದೆ. ಮೂರನೇ ದಿನ ಹೆಂಡತಿ, “ಸಾಕು, ಭಾನುವಾರ ಆಸ್ಪತ್ರೆಯಲ್ಲಿ ಜನ ಕಡಿಮೆ, ಸಾಮಾನು ಎತ್ತಿ” ಎಂದಳು.

ಭಾನುವಾರ ಇಬ್ಬರೇ ಹೋದೆವು. ನಮ್ಮ ಲೆಕ್ಕದಲ್ಲಿ ಇಂಚಿಗೆ ಎಂಟು ನೂಲು. ತಿರುವಿನಿಂದ ಮೇಲಕ್ಕಿದ್ದದ್ದು ಎಂಟು ಎತ್ತರ. ಒಂದೊಂದಕ್ಕೆ ಒಂದೊಂದು ನೂಲು ಹಂಚಿದರೆ ಮುಗಿಯಿತು. ಎಂಟನೆಯದು ಹಜಾರದ ನೆಲವೇ. ಉಳಿದ ಏಳು ಕಲ್ಲು ಎಬ್ಬಿಸಿ, ಕೆಳಗಿನದರ ಅಡಿಗೆ ಒಂದು ನೂಲು ಗಾರೆ ಹೆಚ್ಚು, ಅದರ ಮೇಲಿನದಕ್ಕೆ ಎರಡು, ಹೀಗೆ ಏಳರವರೆಗೆ. ನಾನು ಕಲ್ಲು ಕೂರಿಸಿದೆ, ಅವಳು ಟೇಪು ಹಿಡಿದಳು. ಪ್ರತಿ ಕಲ್ಲಿಗೂ ಅವಳು “ಹೂಂ” ಎನ್ನುವವರೆಗೆ ಕೈ ತೆಗೆಯಲಿಲ್ಲ. ನಾಲ್ಕನೆಯ ಕಲ್ಲಿಗೆ ಅವಳು ಮೂರು ಸಲ “ಇಲ್ಲ” ಎಂದಳು. ಬಾಯಿಗೆ ಬಂದದ್ದನ್ನು ನುಂಗಿಕೊಂಡು ಮೂರು ಸಲವೂ ಎತ್ತಿದೆ. ಅವಳ ಮಾತೇ ಸರಿಯಾಗಿತ್ತು.

“ನಿನ್ನ ಕಣ್ಣು ಚುರುಕು ಕಣೇ” ಎಂದೆ.

ಅವಳು ಟೇಪು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ನನ್ನನ್ನು ನೋಡಿದಳು. “ಏನಂದ್ರಿ?”

“ಏನಿಲ್ಲ. ಗಾರೆ ಒಣಗುತ್ತೆ, ಬೇಗ.”

“ಕೇಳಿಸ್ತು” ಎಂದಳು. ಉಳಿದ ಮೂರು ಕಲ್ಲು ಮುಗಿಯುವವರೆಗೂ ಅವಳ ಮುಖ ಬೆಳಗುತ್ತಲೇ ಇತ್ತು. ಮೂವತ್ತು ವರ್ಷದಲ್ಲಿ ನಾನು ಅವಳ ಕೆಲಸದ ಬಗ್ಗೆ ಒಂದು ಒಳ್ಳೇ ಮಾತು ಆಡಿದ್ದೆನೇ ಎಂದು ಯೋಚಿಸಿದೆ. ನೆನಪಾಗಲಿಲ್ಲ. ಬಾಯಾರಿದವರು ಎದುರಿಗೇ ಇದ್ದರು, ನೀರು ನನ್ನ ಕೈಯಲ್ಲೇ ಇತ್ತು, ಕೊಟ್ಟಿರಲಿಲ್ಲ.

ಒಂದು ತಿಂಗಳಾದ ಮೇಲೆ ಕಂಡಕ್ಟರು ಫೋನ್ ಮಾಡಿದರು. “ಮೇಸ್ತ್ರಿ, ನಮ್ಮ ಮನೆಗೆ ಬಾರಯ್ಯಾ. ಇಲ್ಲೂ ಒಂದು ಮೆಟ್ಟಿಲಿಗೆ ಎಡವುತ್ತಿದ್ದೀನಿ. ಕಾಲೋ ಮೆಟ್ಟಿಲೋ ಗೊತ್ತಾಗ್ತಿಲ್ಲ. ಅಕ್ಕಪಕ್ಕದವರನ್ನ ಕೇಳಿದ್ರೆ ನನ್ನ ಮುಖ ನೋಡಿ, ಪಾಪ, ಮೆಟ್ಟಿಲೇ ಸರಿ ಇಲ್ಲ ಅಂತಾರೆ. ನೀನಾದ್ರೆ ಇದ್ದದ್ದು ಇದ್ದ ಹಾಗೆ ಹೇಳ್ತೀಯ.”

ಆ ಕೊನೆಯ ಮಾತಿಗೆ ನನ್ನ ತಲೆಯೊಳಗಿನ ಕೆಂಡ ಉರಿದದ್ದು ನನಗೇ ಗೊತ್ತಾಯಿತು. ಉರಿಯಲಿ ಎಂದು ಬಿಟ್ಟೆ.

ಗಂಡ ಹೆಂಡತಿ ಇಬ್ಬರೂ ಹೋದೆವು. ಕಂಡಕ್ಟರು ಮೇಲೆ ಕಂಬಿ ಹಿಡಿದು ನಿಂತಿದ್ದರು. ಕೆಳಗಿನಿಂದ ಎರಡನೇ ಮಹಡಿಯವರೆಗೆ ಒಂದನ್ನೂ ಬಿಡದೆ ಅಳೆದೆವು. ನಾನು ಅಳೆದದ್ದನ್ನು ಅವಳು ಇನ್ನೊಮ್ಮೆ ಅಳೆದಳು. ಯಾರೋ ಒಳ್ಳೆಯ ಕೆಲಸಗಾರ ಕಟ್ಟಿದ್ದ.

“ಎಲ್ಲ ಸರಿಯಾಗಿದೆ” ಎಂದೆ. “ಮೆಟ್ಟಿಲಿನದ್ದು ಏನೂ ತಪ್ಪಿಲ್ಲ. ಈ ಸಲ ನಿಮ್ಮ ಕಾಲೇ ಯಜಮಾನ್ರೇ.”

ಅವರ ಹೆಂಡತಿ ನನ್ನನ್ನು ದುರುಗುಟ್ಟಿ ನೋಡಿದರು. ಕಂಡಕ್ಟರು ಮಾತ್ರ ತಲೆಯಾಡಿಸಿದರು.

“ಹಾಗಾದ್ರೆ ಪರವಾಗಿಲ್ಲ. ಕಾಲಾದ್ರೆ ನಾನೇ ಸರಿಮಾಡ್ಕೋಬಹುದು” ಎಂದು ಕೋಲನ್ನು ನನ್ನ ಹೆಂಡತಿಯ ಕೈಗೆ ಕೊಟ್ಟು, ಕಂಬಿ ಹಿಡಿದು ಅಭ್ಯಾಸಕ್ಕೆಂದು ಕೆಳಗಿಳಿಯತೊಡಗಿದರು.